‘ಆಗಿಬರಲ್ಲ’ ಎಂಬ ಖಾನೆ

ಇಡೀ ನೌಕರಿಯನ್ನು ಆಸ್ಪತ್ರೆಯಲ್ಲೇ ಮುಗಿಸಿದೆ ಎಂದರೆ ಜನ ತಕ್ಷಣ ‘ನರ್ಸಾ?’ ಎಂದು ಕೇಳುತ್ತಾರೆ. ಅಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ನಾನು ಒಂದು ಸಲವೂ ಯಾರ ನಾಡಿಯನ್ನೂ ಹಿಡಿದವಳಲ್ಲ. ರಕ್ತ ಕಂಡರೆ ಇವತ್ತಿಗೂ ತಲೆ ತಿರುಗುತ್ತದೆ. ನಾನು ನೋಡಿಕೊಂಡದ್ದು ರೋಗಿಗಳ ಮಾಹಿತಿಯನ್ನು, ಮೊದಲು ಕಪಾಟಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಬೀದರಿನ ಧರ್ಮಾರ್ಥ ಆಸ್ಪತ್ರೆಯೊಂದಕ್ಕೆ ಟೈಪಿಸ್ಟಾಗಿ ಸೇರಿ, ದಾಖಲಾತಿ ವಿಭಾಗ ನೋಡಿಕೊಳ್ಳುವವಳಾಗಿ ಹೊರಬಂದೆ. ನಡುವೆ ಸಿಕ್ಕ ಬಡ್ತಿಗಳ ಕಥೆ ಯಾರಿಗೂ ಬೇಡ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗೆ ಉಪಯೋಗವಾದೀತು ಎನ್ನಿಸಿದ್ದನ್ನಷ್ಟೇ ಬರೆಯುತ್ತೇನೆ. ಬರೆಯಲು ಕೂತರೆ ದೂರಬೇಕಾದವರಿಗಿಂತ ಕೈ ಮುಗಿಯಬೇಕಾದವರೇ ಹೆಚ್ಚು ನೆನಪಾಗುತ್ತಾರೆ.

ದೊಡ್ಡ ಆಸ್ಪತ್ರೆ ಬೀದರಿನಲ್ಲಿ; ಭಾಲ್ಕಿಯಲ್ಲಿ ಮತ್ತು ಔರಾದಿನಲ್ಲಿ ಒಂದೊಂದು ಸಣ್ಣ ಕೇಂದ್ರ. ಮೂರಕ್ಕೂ ಒಬ್ಬರೇ ಮುಖ್ಯಸ್ಥರು, ಡಾಕ್ಟರ್ ಎಸ್ತರ್. ಅವರ ಹೆಸರು ಹೇಳಿದರೆ ಈಗಲೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ. ಬೈಯುವಾಗ ಅವರು ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದರು. ಬೈಗಳು ಸರಿಯಾಗಿ ಕೇಳಿಸಬೇಕೆಂದರೆ ನಾವೇ ಹತ್ತಿರ ಹೋಗಬೇಕಾಗುತ್ತಿತ್ತು. ಔರಾದಿನ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಮಾಳಪ್ಪ. ಚಿಂತಾಕಿಯವನು, ಕುರಿ ಸಾಕುವ ಮನೆತನ, ಡಿಪ್ಲೊಮಾ ಓದಿ ಈ ಕೆಲಸಕ್ಕೆ ಬಂದಿದ್ದ. ನನಗಿಂತ ಚಿಕ್ಕವನು. ಬಾಯಿ ತುಂಬ ‘ಪ್ರೇಮಲಾಬಾಯಿ’ ಎಂದು ಕರೆಯುತ್ತಿದ್ದ, ಮಾತು ಮಾತ್ರ ಕೇಳುತ್ತಿರಲಿಲ್ಲ.

ಮೊದಲ ಪಾಠ ಕಲಿಸಿದ್ದು ಒಂದು ಫ್ಲಾಪಿ. ಆಗ ಕನ್ನಡ ಟೈಪು ಮಾಡಲು ನಮ್ಮಲ್ಲಿದ್ದದ್ದು ಒಂದೇ ತಂತ್ರಾಂಶ, ಅದೂ ಬೀದರಿನ ಒಂದೇ ಕಂಪ್ಯೂಟರಿನಲ್ಲಿ. ಕಮಲನಗರದಲ್ಲಿ ನಡೆಯಬೇಕಿದ್ದ ಕಣ್ಣಿನ ತಪಾಸಣೆ ಶಿಬಿರದ ಪ್ರಕಟಣೆಯನ್ನು ಚೆಂದವಾಗಿ ಟೈಪು ಮಾಡಿ, ಫ್ಲಾಪಿಯಲ್ಲಿ ತುಂಬಿ, ಬೆಳಗಿನ ಬಸ್ಸಿನಲ್ಲಿ ಔರಾದಿಗೆ ಕಳಿಸಿದೆ. ಮಧ್ಯಾಹ್ನ ಮಾಳಪ್ಪನ ಫೋನು.

“ಬಾಯಿ, ನೀವು ಕಳ್ಸಿದ್ದು ಕನ್ನಡ ಅಲ್ರಿ.”

“ಮತ್ತೇನು?”

“ಇಂಗ್ಲಿಷೂ ಅಲ್ರಿ. ಕಮಲನಗರದಾಗ ಒಂದೀಟು ಮರಾಠಿ ನಡೀತದ ಖರೆ, ಇದು ಮರಾಠಿನೂ ಅಲ್ರಿ. ಪಟಾಕಿ ಹಾರ್ದಂಗ ಅದ.”

ನಾನು ಬರೆದ ಅಕ್ಷರ ನನ್ನದು ಎಂದುಕೊಂಡಿದ್ದೆ. ಅದು ಆ ತಂತ್ರಾಂಶ ಮಾರಿದವರದಾಗಿತ್ತು. ಅವರ ಸರಕು ಇಲ್ಲದ ಕಡೆ ನನ್ನ ಕನ್ನಡ ಕನ್ನಡವೇ ಅಲ್ಲ. ಕೊನೆಗೆ ಫೋನಿನಲ್ಲಿ ನಾನು ಒಂದೊಂದೇ ಸಾಲು ಓದಿದೆ, ಮಾಳಪ್ಪ ಕೈಯಲ್ಲಿ ಬರೆದುಕೊಂಡ. ಶಿಬಿರವೇನೋ ನಡೆಯಿತು.

ಮುಂದೆ ಯೂನಿಕೋಡ್ ಬಂತು. ಜಗತ್ತಿನ ಯಾವ ಕಂಪ್ಯೂಟರಿನಲ್ಲೂ ‘ಕ’ ಎಂದರೆ ‘ಕ’ ಎಂದೇ ಉಳಿಯಲಿ ಎಂದು ಎಲ್ಲೋ ಯಾರೋ ಕೂತು ಒಪ್ಪಿಕೊಂಡ ವ್ಯವಸ್ಥೆ ಅದು. ಭಾನುವಾರದ ಆರಾಧನೆಯಲ್ಲಿ ನಾನು ಆ ಹೆಸರಿಲ್ಲದ ಜನರಿಗಾಗಿ ನಿಜವಾಗಿ ಪ್ರಾರ್ಥಿಸಿದ್ದೇನೆ, ನಗಬೇಡಿ. ಹಳೆಯದನ್ನು ಹೊಸದಕ್ಕೆ ಬದಲಿಸುವಾಗ ಅರ್ಕಾವೊತ್ತುಗಳೆಲ್ಲ ಉದುರಿ ಹೋದವು. ಹಲಬರ್ಗಾ ಎಂಬ ಊರು ‘ಹಲಬಗಾ’ ಆಯಿತು. ಔಷಧ ಅಂಗಡಿಯ ಸೂರ್ಯಕಾಂತ ‘ಸೂಯಕಾಂತ’ನಾದ. ಅವನು ಇಡೀ ವಾರ ನನ್ನ ಮೇಜಿನ ಮುಂದೆ ಬಂದು ನಿಂತು “ನನ್ನ ರ ಎಲ್ಲಿ ಇಟ್ಟೀರಿ ಬಾಯಿ?” ಎಂದು ಕೇಳುತ್ತಿದ್ದ. ಕೂತು ಎಲ್ಲವನ್ನೂ ಸರಿ ಮಾಡಿದೆವು. ಇನ್ನು ನಮ್ಮನ್ನು ಯಾರೂ ಕಟ್ಟಿಹಾಕಲಾರರು ಎಂದು ಅಂದುಕೊಂಡೆ.

ಆ ಧೈರ್ಯದಲ್ಲೇ ದೊಡ್ಡ ಕಂಪನಿಯನ್ನು ಬರಮಾಡಿಕೊಂಡದ್ದು. ಹೆಸರು ಬರೆಯುವುದಿಲ್ಲ, ಆಗ ಎಲ್ಲ ದೊಡ್ಡ ಆಸ್ಪತ್ರೆಗಳಲ್ಲೂ ಅವರದೇ ತಂತ್ರಾಂಶ. ಹೈದರಾಬಾದಿನಿಂದ ಕಿರಣ್ ಎಂಬ ಯುವಕ ಬಂದು ತೋರಿಸಿದ. ಬೀದರ್, ಭಾಲ್ಕಿ, ಔರಾದ ಮೂರೂ ಒಂದಾಗುತ್ತವೆ, ಅಲ್ಲಿ ಬರೆದದ್ದು ಇಲ್ಲಿ ಕಾಣುತ್ತದೆ ಎಂದ. ಡಾಕ್ಟರ್ ಎಸ್ತರ್ ಎಲ್ಲ ನೋಡಿ ಒಂದೇ ಮಾತು ಕೇಳಿದರು.

“ನಾಳಿ ನಿಮ್ಮನ್ನ ಬಿಡ್ತೇವಿ ಅಂದ್ರ ನಮ್ಮ ಮಂದಿ ಮಾಹಿತಿ ನಮ್ಮ ಕೈಗಿ ಕೊಡ್ತೀರೇನು?”

“ನಮ್ದು ಓಪನ್ ಸ್ಟ್ಯಾಂಡರ್ಡ್ ಮೇಡಂ. ಯಾರ ಹತ್ರ ಬೇಕಾದ್ರೂ ಹೋಗಿ, ಎಲ್ಲ ಹೊರಗೆ ಬರುತ್ತೆ,” ಎಂದ ಕಿರಣ್. ಅವನು ಸುಳ್ಳು ಹೇಳಲಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ.

ಓಪನ್ ಸ್ಟ್ಯಾಂಡರ್ಡ್, ಅಂದರೆ ಮುಕ್ತ ಮಾನದಂಡ, ಇಷ್ಟೇ: ಒಬ್ಬ ವ್ಯಾಪಾರಿಯ ಸೊತ್ತಲ್ಲದ, ಎಲ್ಲರೂ ಓದಬಹುದಾದ ಒಪ್ಪಂದ. ರೋಗಿಯ ಹೆಸರು ಇಂಥ ಕಡೆ, ರಕ್ತದ ಗುಂಪು ಇಂಥ ಕಡೆ, ಔಷಧ ಇಂಥ ಕಡೆ ಎಂದು ಮೊದಲೇ ಗೊತ್ತು ಮಾಡಿರುತ್ತಾರೆ. ಬಲ್ಬನ್ನು ಯಾವ ಅಂಗಡಿಯಲ್ಲಿ ಕೊಂಡರೂ ಮನೆಯ ಹೋಲ್ಡರಿಗೆ ಕೂರುತ್ತದಲ್ಲ, ಹಾಗೆ. ಆದರೆ ಒಪ್ಪಂದ ಮಾಡಿದವರು ಬುದ್ಧಿವಂತರು, ಊರಿಗೊಂದು ಅಗತ್ಯ ಇರುತ್ತದೆಂದು ಅವರಿಗೆ ಗೊತ್ತು. ಅದಕ್ಕೇ ‘ಇಲ್ಲಿ ನಿಮಗೆ ಬೇಕಾದ್ದನ್ನು ಸೇರಿಸಿಕೊಳ್ಳಿ’ ಎಂದು ಒಂದಿಷ್ಟು ಖಾಲಿ ಜಾಗವನ್ನೂ ಬಿಟ್ಟಿರುತ್ತಾರೆ. ನಮ್ಮ ಕಥೆಯೆಲ್ಲ ನಡೆದದ್ದು ಆ ಖಾಲಿ ಜಾಗದಲ್ಲಿ.

ಯಾವ ಔಷಧ ಯಾರಿಗೆ ಒಗ್ಗುವುದಿಲ್ಲ ಎಂಬುದನ್ನು ಬರೆಯಲು ಮಾನದಂಡದಲ್ಲೇ ಒಂದು ಸ್ಥಳವಿತ್ತು. ಕಂಪನಿಯ ಪರದೆಯಲ್ಲಿ ಅದು ಇಂಗ್ಲಿಷಿನಲ್ಲಿತ್ತು, ಒಂದು ಉದ್ದನೆಯ ಪಟ್ಟಿಯಿಂದ ಆರಿಸಬೇಕಿತ್ತು. ನಮ್ಮ ಸಿಸ್ಟರುಗಳು ರೋಗಿಯನ್ನು ಕೇಳುತ್ತಿದ್ದದ್ದು “ನಿಮಗ ಯಾವ ಔಷಧ ಆಗಿಬರಲ್ರಿ?” ಎಂದು. ಹಾಗೇ ಕನ್ನಡದಲ್ಲಿ ಬರೆಯಲು ಒಂದು ಖಾನೆ ಕೊಡಿ ಎಂದು ನಾವೆಲ್ಲ ಸೇರಿ ಕೇಳಿದೆವು. ಒಂದು ವಾರದೊಳಗೆ ‘ಆಗಿಬರಲ್ಲ’ ಎಂಬ ಖಾನೆ ಪರದೆಯ ಮೇಲೆ ಬಂತು. ಅದರಲ್ಲಿ ಏನಾದರೂ ಬರೆದರೆ ಸಾಕು, ರೋಗಿಯ ಹೆಸರಿನ ಮೇಲೆ ಕೆಂಪು ಪಟ್ಟಿ. ಬಿಡಿಗಾಸೂ ಕೇಳಲಿಲ್ಲ. ಸಿಸ್ಟರುಗಳು ಕಿರಣನಿಗೆ ಮೈಸೂರು ಪಾಕ್ ತಿನ್ನಿಸಿದರು.

ಆ ಖಾನೆಯಿಂದ ನಗೆಪಾಟಲೂ ಆಯಿತು. ಔರಾದಿನಲ್ಲಿ ಒಬ್ಬ ಸೊಸೆಯನ್ನು ‘ಏನು ಆಗಿಬರಲ್ಲ’ ಎಂದು ಕೇಳಿದಾಗ ಆಕೆ ಸಂಕಟ ತಡೆಯಲಾರದೆ “ಅತ್ತಿ ಆಗಿಬರಲ್ರಿ” ಎಂದಳಂತೆ. ಮಾಳಪ್ಪ ಬೆರಳಿನ ವೇಗದಲ್ಲಿ ‘ಅತ್ತಿ’ ಎಂದು ಹೊಡೆದುಬಿಟ್ಟ. ಕೆಂಪು ಪಟ್ಟಿ ನೋಡಿದ ಡಾಕ್ಟರ್ ಎಸ್ತರ್ ನನ್ನನ್ನು ಕರೆಸಿ ತೀರಾ ತಗ್ಗಿದ ದನಿಯಲ್ಲಿ, “ಅತ್ತಿ ಹಣ್ಣಿಂದ ಹಿಂಗ ಆಗ್ತದಂತ ನಾ ಎಲ್ಲೂ ಓದಿಲ್ಲಲ್ಲ ಪ್ರೇಮಲಾ,” ಎಂದರು. ವಿಷಯ ತಿಳಿದ ಮೇಲೆ ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ಆ ಸೊಸೆಯ ಪಟ್ಟಿಯನ್ನು ಅಳಿಸಲು ಮಾಳಪ್ಪನಿಗೆ ಮನಸ್ಸೇ ಬರಲಿಲ್ಲ.

ಭಾಲ್ಕಿ ಕೇಂದ್ರಕ್ಕೆ ಹಲಬರ್ಗಾದಿಂದ ಬರುತ್ತಿದ್ದ ಗೌರಾಬಾಯಿ ಎಂಬ ಅಜ್ಜಿಯ ವಿಷಯ ಮಾತ್ರ ನಗುವಂಥದ್ದಲ್ಲ. ಹಿಂದೊಮ್ಮೆ ಪೆನ್ಸಿಲಿನ್ ಒಗ್ಗುತ್ತದೋ ಇಲ್ಲವೋ ಎಂದು ನೋಡಲು ಚರ್ಮದಡಿ ಹಾಕಿದ ಹನಿ ಮದ್ದಿಗೇ ಆಕೆ ಕುಸಿದು ಬಿದ್ದಿದ್ದಳು. ಉಸಿರು ಮರಳಿಸಲು ಎಲ್ಲರೂ ಸೇರಿ ಒದ್ದಾಡಿದ್ದರು. ಆಕೆಯ ಖಾನೆಯಲ್ಲಿ ಅದನ್ನು ಬರೆದ ಹಳೆಯ ಸಿಸ್ಟರ್, ಪರದೆಯನ್ನು ಆಕೆಯ ಕಡೆ ತಿರುಗಿಸಿ ಕೆಂಪು ಪಟ್ಟಿಯನ್ನು ತೋರಿಸಿದ್ದರು. ಎಲ್ಲರೂ ‘ಆಯಿ’ ಎಂದು ಕರೆಯುತ್ತಿದ್ದ ಆ ಅಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ ಆಮೇಲೆ ಎಂದು ಬಂದರೂ ಮೊದಲು ಕಂಪ್ಯೂಟರ್ ಕಡೆ ಒಂದು ಕಣ್ಣು ಹಾಕುತ್ತಿದ್ದಳು.

ಹಲವು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ನಾವು ಕೇಳಿದ ಖಾನೆಗಳನ್ನೆಲ್ಲ ಕಂಪನಿಯವರು ಕೊಟ್ಟರು. ಒಂದು ದಿನ ಹೊಸ ಆವೃತ್ತಿ ಬರುತ್ತದೆ, ಹಳೆಯದು ನಿಲ್ಲುತ್ತದೆ ಎಂಬ ಸುದ್ದಿ ಬಂತು. ಹೊಸದು ಇಂಟರ್ನೆಟ್ ಎಡೆಬಿಡದೆ ಇದ್ದರೆ ಮಾತ್ರ ನಡೆಯುತ್ತದಂತೆ. ಔರಾದಿನಲ್ಲಿ ಆಗ ಇಂಟರ್ನೆಟ್ ಪರವೂರಿನ ಅಳಿಯನಂತೆ, ಬಂದಾಗ ಬಂತು, ಹೋದಾಗ ಹೋಯಿತು. ಹಾಗಾದರೆ ಔರಾದ ಕೇಂದ್ರವನ್ನು ಕೈಬಿಡಬೇಕಾಗುತ್ತಿತ್ತು. ಡಾಕ್ಟರ್ ಎಸ್ತರ್ ಒಪ್ಪಲಿಲ್ಲ. ಅದೇ ಮುಕ್ತ ಮಾನದಂಡ ಪಾಲಿಸುವ, ಇಂಟರ್ನೆಟ್ ಇಲ್ಲದಾಗಲೂ ನಡೆಯುವ ಸಣ್ಣದೊಂದು ತಂತ್ರಾಂಶ ಸಿಕ್ಕಿತು. ಬದಲಾಯಿಸುವುದೆಂದು ಗಟ್ಟಿಯಾಯಿತು.

ಕಂಪನಿಯವರು ತಕರಾರು ಮಾಡದೆ ಮಾಹಿತಿ ಕೊಟ್ಟರು. ಹೆಸರು, ವಯಸ್ಸು, ರಕ್ತದ ಗುಂಪು, ಔಷಧ ಎಲ್ಲ ಹೊಸದರಲ್ಲಿ ಅಚ್ಚುಕಟ್ಟಾಗಿ ಕೂತವು. ಹಲಬರ್ಗಾದ ಅರ್ಕಾವೊತ್ತು ಕೂಡ ಇದ್ದ ಜಾಗದಲ್ಲೇ ಇತ್ತು. “ಬರೋಬ್ಬರಿ ಬಂದದ ನೋಡ್ರಿ ಬಾಯಿ,” ಎಂದ ಮಾಳಪ್ಪ. ನಾನು ಹೊಸ ತಂತ್ರಾಂಶವನ್ನು ಕಲಿಸಲು ಭಾಲ್ಕಿಗೆ ಹೋದೆ.

ಆ ಬೆಳಿಗ್ಗೆ ಗೌರಾಬಾಯಿ ಬಂದಿದ್ದಳು. ಕಾಲಿಗೆ ಕುಡುಗೋಲು ತಾಗಿ ಗಾಯ ಕೀವಾಗಿತ್ತು. ಡ್ಯೂಟಿ ಡಾಕ್ಟರು ಪರದೆ ನೋಡಿ ಪೆನ್ಸಿಲಿನ್ ಜಾತಿಯದೇ ಒಂದು ಇಂಜೆಕ್ಷನ್ ಬರೆದರು. ಸಿಸ್ಟರ್ ಸುವಾರ್ತಾ ಬೀದರಿನಿಂದ ವರ್ಗವಾಗಿ ಬಂದವರು, ಆಯಿಯನ್ನು ಅರಿಯರು. ನಿಯಮದಂತೆ ಮೊದಲು ಪರೀಕ್ಷೆಯ ಹನಿ ಹಾಕಲು ಸೂಜಿ ಹಿಡಿದು ಬಂದರು. ಆಯಿ ಚಾಚಿದ್ದ ತೋಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು.

“ತಡೀರಿ ಸಿಸ್ಟರ್. ಇವತ್ತ ಕೆಂಪು ಬಂದಿಲ್ಲಲ್ರಿ.”

“ಏನು ಕೆಂಪು ಆಯಿ?”

“ನನ್ನ ಹೆಸರು ಹೊಡದ್ರ ಮ್ಯಾಲ ಕೆಂಪು ಪಟ್ಟಿ ಬರ್ತದಲ್ರಿ. ಅದು ಇರೋತನ ನಿನಗ ಯಾರೂ ಆ ಸೂಜಿ ಮಾಡಲ್ಲ ಅಂದಿದ್ರು ಹಳೀ ಸಿಸ್ಟರ್. ಇವತ್ತ ಹಸರು ಬಂದದ. ನಾ ಆಕಿ ಅಲ್ಲೇನ್ರಿ?”

ನಾನು ಪಕ್ಕದ ಮೇಜಿನಲ್ಲೇ ಇದ್ದೆ. ಎದ್ದು ಬಂದು ನೋಡಿದೆ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಒಗ್ಗದ ಔಷಧ: ಯಾವುದೂ ಇಲ್ಲ’ ಎಂದಿತ್ತು. ಗೊತ್ತಿಲ್ಲ ಎಂದಿದ್ದರೆ ಡಾಕ್ಟರು ಕೇಳುತ್ತಿದ್ದರು. ಅದು ‘ಇಲ್ಲ’ ಎಂದು ಖಚಿತವಾಗಿ ಹೇಳುತ್ತಿತ್ತು. ಸುವಾರ್ತಾ ಸೂಜಿಯನ್ನು ತಟ್ಟೆಯಲ್ಲಿಟ್ಟು ಅಲ್ಲೇ ಕೂತುಬಿಟ್ಟರು.

ಆದದ್ದು ಇಷ್ಟು. ನಾವು ಇಷ್ಟು ವರ್ಷ ತುಂಬಿದ್ದ ‘ಆಗಿಬರಲ್ಲ’ ಖಾನೆಯನ್ನು ಕಂಪನಿ ಮಾನದಂಡದ ಖಾಲಿ ಜಾಗದಲ್ಲಿ, ತನ್ನದೇ ಗುಟ್ಟಿನ ರೀತಿಯಲ್ಲಿ ಕಟ್ಟಿತ್ತು. ಮಾನದಂಡದ ನಿಜವಾದ ಸ್ಥಳವನ್ನು ನಾವು ಮುಟ್ಟಲೇ ಇಲ್ಲವಾದ್ದರಿಂದ ಅಲ್ಲಿ ತಂತ್ರಾಂಶವೇ ಪ್ರತಿಯೊಬ್ಬರಿಗೂ ‘ಇಲ್ಲ’ ಎಂದು ತುಂಬಿಕೊಂಡಿತ್ತು. ನಾವು ಕಂಪನಿಯನ್ನು ಬಿಟ್ಟು ಹೊರಡುವಾಗ ಮಾನದಂಡದ ಪ್ರಕಾರ ಇದ್ದದ್ದೆಲ್ಲ ಹೊರಬಂತು. ಗೌರಾಬಾಯಿಯ ಪ್ರಾಣ ಒಳಗೇ ಉಳಿಯಿತು. ಮೂರೂ ಊರುಗಳಲ್ಲಿ ಅಂಥವರು ಎಷ್ಟು ಜನವೋ ಯಾರಿಗೂ ತಿಳಿಯದು. ಒಬ್ಬಳು ಮಾತ್ರ ಬಣ್ಣ ಗುರುತಿಸಿದ್ದಳು.

ಕೂಡಲೇ ಮೂರೂ ಕಡೆ ಹೊಸ ಪರದೆಯನ್ನು ನಂಬಬಾರದೆಂದು ಹೇಳಿದೆವು. ಡಾಕ್ಟರ್ ಎಸ್ತರ್ ನನ್ನನ್ನೂ ಮಾಳಪ್ಪನನ್ನೂ ಎದುರಿಗೆ ಕೂರಿಸಿಕೊಂಡು ಕಂಪನಿಗೆ ಫೋನು ಮಾಡಿದರು. ಆ ಕಡೆಯ ಹಿರಿಯ ಅಧಿಕಾರಿ ಬಹಳ ಸಭ್ಯ.

“ಮಾನದಂಡದಲ್ಲಿರೋದನ್ನೆಲ್ಲ ಕೊಟ್ಟಿದೀವಿ ಡಾಕ್ಟರ್. ಆ ಖಾನೆ ನಮ್ಮ ಸ್ವಂತ ವಿಸ್ತರಣೆ, ಅದರ ವಿವರ ಹೊರಗೆ ಕೊಡೋ ಹಾಗಿಲ್ಲ. ನಮ್ಮ ಹೊಸ ಆವೃತ್ತಿಗೆ ಬಂದ್ರೆ ಎಲ್ಲ ಹಾಗೇ ಇರುತ್ತೆ.”

ಡಾಕ್ಟರ್ ಎಸ್ತರ್ ಫೋನು ಇಟ್ಟರು. ಆಮೇಲೆ ಮಾಳಪ್ಪ ಹೇಳಿದ್ದನ್ನು ನಾನು ಈಗಲೂ ತರಬೇತಿಗೆ ಬಂದವರಿಗೆ ಹೇಳುತ್ತೇನೆ.

“ಇದು ನಮ್ಮೂರ ಗಾಯರಾಣದಂಗ ಆತು ನೋಡ್ರಿ ಡಾಕ್ಟರಮ್ಮ. ದನಾ ಕುರಿ ಮೇಯೋ ಜಾಗ, ಎಲ್ಲರ್ದೂ. ಒಬ್ಬಾಂವ ಅದರ ಮೂಲ್ಯಾಗ ಕುರಿ ನೀರು ಕುಡೀಲಿ ಅಂತ ಕಲ್ಲಬಾನಿ ಇಡ್ತಾನ. ಭಾಳ ಛಲೋ ಮಾಡ್ದಿ ಅಂತೀವಿ. ಕುರಿ ಎಲ್ಲಾ ಅಲ್ಲೇ ನೀರಿಗಿ ರೂಢಿ ಆಗ್ತಾವ. ಆಮ್ಯಾಲ ಬಾನಿ ಸುತ್ತ ಬೇಲಿ ಹಾಕ್ತಾನ. ಗಾಯರಾಣ ಈಗಲೂ ಎಲ್ಲರ್ದೇ ಅದ, ಕುರಿ ಮಾತ್ರ ಅವನ ಬಾಗಲಿಗೇ ಹೋಗ್ತಾವ.”

ಆಡಳಿತ ಮಂಡಳಿಯಲ್ಲಿ ಹಲವರು ಸುಮ್ಮನೆ ಕಂಪನಿಗೇ ಮರಳೋಣ ಎಂದರು. ಅವರದೂ ತಪ್ಪೇನಲ್ಲ, ಜೀವದ ಪ್ರಶ್ನೆ. ಡಾಕ್ಟರ್ ಎಸ್ತರ್ ಎಂದಿನಂತೆ ದನಿ ಇಳಿಸಿದರು. ಎಲ್ಲರೂ ಮುಂದಕ್ಕೆ ಬಾಗಿದರು.

“ಇವತ್ತ ಹಿಂದ ಹೋದ್ರ ಔರಾದ ಬಿಟ್ಟು ಹೋಗ್ಬೇಕು. ಮುಂದ ಇನ್ನಾ ನಾಕು ಖಾನಿ ಕೊಡ್ತಾರ, ಇನ್ನಾ ಒಳಗ ಹೋಗ್ತೇವಿ. ಹಳೀದರ ಕರಾರು ಮುಗಿಯಾಕ ಇನ್ನಾ ವೇಳ್ಯಾ ಅದ. ತೆಗೀಲಿಕ್ಕ ಬರದಿದ್ರ ಏನಾತು, ಓದ್ಲಿಕ್ಕ ಬರ್ತದಲ್ಲ? ಓದ್ರಿ, ಬರೀರಿ.”

ಓದಿದೆವು, ಬರೆದೆವು. ಹಳೆಯ ಪರದೆಯಲ್ಲಿ ಒಂದೊಂದೇ ಕೆಂಪು ಪಟ್ಟಿಯನ್ನು ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಹೊಸದರಲ್ಲಿ ಮಾನದಂಡದ ಸರಿಯಾದ ಸ್ಥಳದಲ್ಲೇ ತುಂಬುವುದು, ಮೂರನೆಯವರು ತಾಳೆ ನೋಡುವುದು. ಡ್ಯೂಟಿ ಮುಗಿಸಿದ ಸಿಸ್ಟರುಗಳು ಕೂತರು, ನರ್ಸಿಂಗ್ ಓದುವ ಹುಡುಗಿಯರು ಕೂತರು. ಅದು ಮುಗಿಯುವ ತನಕ ರೋಗಿಗಳನ್ನು ಬಾಯಿಮಾತಿನಲ್ಲಿ ಕೇಳದೆ ಮೂರೂ ಕಡೆ ಒಂದು ಸೂಜಿಯೂ ಆಗಲಿಲ್ಲ, ಕನ್ನಡದಲ್ಲಿ, ಮರಾಠಿಯಲ್ಲಿ, ದಖನಿಯಲ್ಲಿ ಕೇಳಿದರು. ಔರಾದಿನ ಆ ಸೊಸೆಯ ಪಟ್ಟಿ ಬಂದಾಗ ಎಲ್ಲರೂ ನಕ್ಕು ಸ್ವಲ್ಪ ಹಗುರಾದೆವು.

ಆ ದಿನಗಳಲ್ಲಿ ಕಿರಣ್ ನನಗೆ ಫೋನು ಮಾಡಿದ. ಕಂಪನಿಯ ಗುಟ್ಟೇನೂ ಹೇಳಲಿಲ್ಲ. “ಮೇಡಂ, ಮಾನದಂಡದ ಪುಸ್ತಕ ಎಲ್ಲರಿಗೂ ಸಿಗುತ್ತೆ. ಒಗ್ಗದ ಔಷಧದ ಭಾಗ ಒಮ್ಮೆ ಓದಿ. ಅಲ್ಲಿ ವಿವರಣೆಯನ್ನ ಯಾವ ಭಾಷೇಲಿ ಬೇಕಾದ್ರೂ ಬರೀಬಹುದು,” ಎಂದ. ಓದಿದೆ. ನಿಜ. ಔಷಧದ ಗುರುತಿನ ಸಂಖ್ಯೆಯ ಪಕ್ಕದಲ್ಲೇ ‘ಆಗಿಬರಲ್ಲ’ ಎಂದು ಅಚ್ಚ ಕನ್ನಡದಲ್ಲಿ ಬರೆಯಲು ಮೊದಲಿನಿಂದಲೂ ಜಾಗವಿತ್ತು. ಆ ವಿಶೇಷ ಖಾನೆಯೇ ನಮಗೆ ಬೇಕಿರಲಿಲ್ಲ. ಫೋನು ಮಾಡಬೇಕಾದ ಅಗತ್ಯ ಅವನಿಗಿರಲಿಲ್ಲ, ಆದರೂ ಮಾಡಿದ. ಅವನು ಎಲ್ಲಿದ್ದರೂ ಚೆನ್ನಾಗಿರಲಿ.

ಆಮೇಲಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ಯಾರೇ ತಂತ್ರಾಂಶ ಮಾರಲು ಬರಲಿ, ಒಳಗೆ ಏನೇನಿದೆ ಎಂದು ಮೊದಲು ನೋಡುವುದಿಲ್ಲ. ಹಲಬರ್ಗಾದ ಗೌರಾಬಾಯಿ ಎಂಬ ಒಬ್ಬ ರೋಗಿಯನ್ನು ಅದರೊಳಗೆ ಹಾಕಿ, ಅಲ್ಲಿಂದ ಹೊರತೆಗೆದು, ಸಂಬಂಧವೇ ಇಲ್ಲದ ಇನ್ನೊಂದು ತಂತ್ರಾಂಶದಲ್ಲಿ ತೆರೆಯುತ್ತೇವೆ. ಅರ್ಕಾವೊತ್ತಿನ ಸಮೇತ, ಕೆಂಪು ಪಟ್ಟಿಯ ಸಮೇತ ಬಂದರೆ ಮಾತು ಮುಂದುವರಿಯುತ್ತದೆ. ಹೊಸ ಹುಡುಗರು ಅದಕ್ಕೆ ‘ಗೌರಾಬಾಯಿ ಹಾಕೋದು’ ಎನ್ನುತ್ತಾರೆ; ಅದು ಯಾವುದೋ ಇಂಗ್ಲಿಷ್ ಪರೀಕ್ಷೆಯ ಹೆಸರಿರಬೇಕು ಎಂದುಕೊಂಡವರೂ ಇದ್ದಾರೆ. ನೀವು ಕೆಲಸಕ್ಕೆ ಸೇರಿದ ಕಡೆ ಬೇರೆ ಹೆಸರಿಟ್ಟುಕೊಳ್ಳಿ, ಆದರೆ ಹೊಕ್ಕ ಮೇಲೆ ಹೊರಬರುವ ದಾರಿಯನ್ನು ಹೊಗುವ ಮೊದಲೇ ನಡೆದು ನೋಡಿ.

ನಿವೃತ್ತಿಗೆ ಮುಂಚೆ ಕೊನೆಯ ಸಲ ಭಾಲ್ಕಿಗೆ ಹೋದಾಗ ಗೌರಾಬಾಯಿ ಸಿಕ್ಕಳು. ಜ್ವರ ಎಂದು ಬಂದಿದ್ದಳು, ಕಣ್ಣಿಗೆ ಪೊರೆ ಬಂದು ದೃಷ್ಟಿ ಮಸುಕಾಗಿತ್ತು. ಸುವಾರ್ತಾ ಸೂಜಿ ತಂದರು. ಆಯಿ ಪರದೆ ಇದ್ದ ಕಡೆ ಮುಖ ಮಾಡಿ ಕಣ್ಣು ಕಿರಿದು ಮಾಡಿದಳು, ಏನೂ ಕಾಣಲಿಲ್ಲ.

“ಬಾಯಿ, ನನಗ ಬಣ್ಣ ತಿಳೀವಲ್ದು. ಏನು ಬಂದದ್ರಿ?”

“ಕೆಂಪು ಬಂದದ ಆಯಿ,” ಎಂದೆ.

“ಸಿಸ್ಟರ್, ಬಾಯಿ ಅಂದದ್ದು ಖರೆ ಏನ್ರಿ?”

“ಖರೆ ಅದ ಆಯಿ. ಇದು ಆ ಸೂಜಿ ಅಲ್ಲ, ಬ್ಯಾರೇದು,” ಎಂದರು ಸುವಾರ್ತಾ.

ಆಯಿ ಸೆರಗು ಸರಿಸಿ ತೋಳನ್ನು ಮುಂದೆ ಚಾಚಿದಳು.